ಹೆಸರು ಹೇಳದವರ ಒಂದು ಪ್ರಶ್ನೆ

ಬನಹಟ್ಟಿ, ಗುರುವಾರ, ೧೭ ಜುಲೈ ೨೦೧೪

ಆ ಹೆಸರಿಲ್ಲದ ಮನುಷ್ಯನ ಮೇಲೆ ಸಿಟ್ಟಾಗಬೇಕೋ, ಕೈ ಮುಗಿಯಬೇಕೋ, ತಿಳಿಯುತ್ತಿಲ್ಲ.

ಮಗ್ಗದ ಸದ್ದಿನಲ್ಲಿ ದುಡಿಯುವವರ ಕಿವಿ ಹೇಗಿರುತ್ತದೆ ಎಂದು ಗೆಳತಿ ರಾಧಿಕಾ ಹೋದ ವರ್ಷ ನಮ್ಮ ಓಣಿಯಲ್ಲಿ ಪರೀಕ್ಷೆ ಮಾಡಿದ್ದಳು. ಕಿವಿಗೆ ಯಂತ್ರ ಹಾಕಿ ಅವಳು ಗುಂಡಿ ಒತ್ತುತ್ತಾಳೆ, ಸದ್ದು ಕೇಳಿದಾಗ ಕೂತವರು ಕೈ ಎತ್ತಬೇಕು. ಎಲ್ಲರ ಕಿವಿಯೂ ಚೆನ್ನಾಗಿದೆ ಎಂದು ಬರೆದು ವಿಜ್ಞಾನದ ಪತ್ರಿಕೆಯೊಂದಕ್ಕೆ ಕಳಿಸಿದಳು. ಅಚ್ಚಾಗುವ ಮೊದಲು ಯಾರೋ ಓದಿ ತಪ್ಪು ಹುಡುಕುತ್ತಾರಂತೆ. ಅವರ ಹೆಸರನ್ನು ಬರೆದವರಿಗೂ ಹೇಳುವುದಿಲ್ಲವಂತೆ. ನಮ್ಮಲ್ಲಾದರೆ ಮಾಲಕರು ಸೀರೆಯ ಮಡಿಕೆ ಬಿಡಿಸಿ ನೋಡಿ, ತಪ್ಪನ್ನು ನೇಯ್ದವರ ಮುಖಕ್ಕೇ ಹೇಳುತ್ತಾರೆ.

ಆ ಮನುಷ್ಯ ಕೇಳಿದ್ದು ಒಂದೇ: ಗುಂಡಿ ಒತ್ತುವಾಗ ನಿಮ್ಮ ಕೈ ನೇಕಾರರಿಗೆ ಕಾಣುತ್ತಿತ್ತೇ?

ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಾಗ ರಾಧಿಕಾ ಬಂದು ಅದನ್ನೇ ಅವ್ವನಿಗೆ ಕೇಳಿದಳು. ಮಗ್ಗದವರ ರೂಢಿಯಂತೆ ಅವ್ವ ಅವಳ ತುಟಿ ನೋಡಿ ತಿಳಿದು ನಕ್ಕಳು.

"ಕಾಣ್ತಿತ್ತಲ್ಲಬೇ! ನಿನ್ನ ಬಟ್ಟು ಅಲುಗಿದಾಗೊಮ್ಮೆ ನಾ ಕೈ ಎತ್ತಿದ್ನಿ. ಎಲ್ಲಾರೂ ಹಂಗ ಮಾಡ್ಯಾರ. ಪಾಪ, ನಿನ್ನ ಕೆಲಸ ಕೆಡಬಾರ್ದಲ್ಲ."

ರಾಧಿಕಾಳ ಮುಖ ಸಣ್ಣದಾಯಿತು. "ಕಾಣ್ತಿರಲಿಲ್ಲ ಅಂತ ಬರದ ಬಿಡ್ಲೇನ?" ಎಂದು ನನ್ನನ್ನು ಕೇಳಿದಳು. ಅದು ಜಗತ್ತಿನಲ್ಲಿ ಯಾರು ಬೇಕಾದರೂ ಪುಕ್ಕಟೆ ತೆರೆದು ಓದಬಹುದಾದ ಪತ್ರಿಕೆ. ಹಾಗೆ ಬರೆದರೆ ಅಷ್ಟೂ ಜನ ಮಗ್ಗದ ಸದ್ದಿನಿಂದ ಏನೂ ಆಗುವುದಿಲ್ಲ ಎಂದು ನಂಬುತ್ತಾರೆ. ಬರೆಯಬೇಡ ಎಂದರೆ ಅವಳ ವರ್ಷದ ಕೆಲಸ ಹೋಗುತ್ತದೆ.

ಕೊನೆಗೆ ಅವಳೇ ಅವ್ವನ ಕಿವಿಗೆ ಆ ಬ್ಯಾಟರಿ ಯಂತ್ರ ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂರಿಸಿದಳು. ಗುಂಡಿ ಒತ್ತಿದಳು. ಸದ್ದು ಏರಿಸಿ ಮತ್ತೆ ಒತ್ತಿದಳು. ಬಾಗಿಲಲ್ಲಿ ನಿಂತ ನನಗೂ ಅದು ಕೇಳಿಸಿತು. ಅವ್ವನ ಕೈ ತೊಡೆಯ ಮೇಲೆಯೇ ಇತ್ತು.

ಸ್ವಲ್ಪ ಹೊತ್ತಾದ ಮೇಲೆ ಅವ್ವ ಗೋಡೆ ನೋಡುತ್ತಲೇ ಕೇಳಿದಳು: "ಯಾಕವ್ವಾ, ಇನ್ನೂ ಚಾಲೂ ಮಾಡಿಲ್ಲೇನ?"