ಬ್ಲಾಗ್ ಅಳಿಸುವುದಿಲ್ಲ

ಅಣ್ಣನಿಗೆ,

"ಅಂಗಡಿಗೆ ಬರೋರೆಲ್ಲ ನಿನ್ನ ಬ್ಲಾಗ್ ಓದಿ ನನ್ನ ಮುಖ ನೋಡ್ತಾರೆ, ಅದನ್ನ ಅಳಿಸಿಬಿಡು" ಎಂದು ಫೋನಿನಲ್ಲಿ ಕೂಗಾಡಿದೆಯಲ್ಲ, ಅದಕ್ಕೆ ಉತ್ತರ ಇದು. ಅಳಿಸುವುದಿಲ್ಲ.

ನಿನ್ನ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ನಾನು ಎತ್ತಿಲ್ಲ. ನನ್ನ ಮನಸ್ಸಿನ ಕಾಯಿಲೆಯ ಬಗ್ಗೆ, ಆಸ್ಪತ್ರೆಯಲ್ಲಿ ಒಂದು ಮಾತೂ ಕೇಳದೆ ನನ್ನ ಕೈಗಳನ್ನು ಮಂಚಕ್ಕೆ ಕಟ್ಟಿದ್ದರ ಬಗ್ಗೆ ಬರೆದೆ. ನಡೆದದ್ದನ್ನೇ ಬರೆದೆ.

ಇದು ಜೀವನಪೂರ್ತಿ ಇರುವ ಕಾಯಿಲೆ. ಮಾತ್ರೆ ತಪ್ಪಿಸುತ್ತಿಲ್ಲ. ಆದರೂ ಮತ್ತೆ ಜೋರಾದರೆ ಆಸ್ಪತ್ರೆಗೆ ಸೇರಿಸು, ಬೇಡ ಅನ್ನುವುದಿಲ್ಲ. ಸಹಿ ಹಾಕುವ ಮುಂಚೆ ಮಾತ್ರ ನನ್ನನ್ನು ಕೇಳು. ಕಟ್ಟಲು ಬಂದರೆ ಅಡ್ಡ ನಿಲ್ಲು. ಹೋದ ಸಲದ ಹಾಗೆ ಎದ್ದು ಹೊರಗೆ ಹೋಗಬೇಡ.

ಅಮ್ಮನ ಕನ್ನಡಕ ರಿಪೇರಿಗೆಂದು ನಿನ್ನ ಅಂಗಡಿ ಸೇರಿ ತಿಂಗಳಾಯಿತು, ಕಳಿಸಿಕೊಡು. ಅದಿಲ್ಲದ್ದಕ್ಕೆ ನಿನ್ನೆ ಅವಳು ಬ್ಲಾಗನ್ನು ನನ್ನಿಂದಲೇ ಓದಿಸಿಕೊಂಡಳು. ಓದಿ ಮುಗಿಸಿದ ಮೇಲೆ ಕೇಳಿದಳು:

"ಕಾಲೂ ಕಟ್ಟಿದ್ರೇನೇ?"

"ಹೂಂ ಅಮ್ಮ."

"ಮತ್ತೆ ಕೈ ಅಂತ ಮಾತ್ರ ಬರ್ದಿದೀಯಲ್ಲ? ಕಾಲು ಅಂತಾನೂ ಬರಿ."

ಬರೆದು ಹಾಕಿದ್ದೇನೆ. ಓದು.

ನಿನ್ನ ತಂಗಿ