ಐದು ವಾರದ ಠೇವಣಿಗೆ ಬದಲಾಗಿ

ಬರ್ನ್ಲಿ,
ಮಾರ್ಚ್ 3

ರಸೆಲ್‌ಗೆ,

ಕಾಗದ ಬರೆಯುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ಹದಿನೈದಕ್ಕೇ ಶಾಲೆ ಬಿಟ್ಟವಳ ಕೈಗೆ ಪೆನ್ನು ಕೊಟ್ಟು ಕೂರಿಸಿರುವವಳು ಎದುರುಮನೆಯ ಪರ್ವೀನ್. "ಫೋನಲ್ಲಿ ಎರಡನೇ ಮಾತಿಗೇ ಕೂಗಾಡಿ ಇಟ್ಟುಬಿಡ್ತೀರಿ ಆಂಟಿ. ಕಾಗದ ಆದ್ರೆ ಕೊನೇವರೆಗೂ ಹೇಳ್ಬೇಕಾಗುತ್ತೆ" ಅಂದಳು. ಅವಳಿಗೆ ಬೇರೆ ಕೆಲಸವಿಲ್ಲ. ನಿನ್ನ ಕ್ರಿಸ್‌ಮಸ್ ಕಾರ್ಡು ಬಂದಿತ್ತು. ಇಷ್ಟು ದಿನ ಉತ್ತರ ಬರೆಯದಿದ್ದದ್ದು ತಪ್ಪೇ, ಆಯಿತು. ನಿನ್ನ ಹೆಂಡತಿಯ ಬೆನ್ನುನೋವು ಹೇಗಿದೆ?

ವಿಷಯಕ್ಕೆ ಬರುತ್ತೇನೆ. ನಾನು ಈ ಕೌನ್ಸಿಲ್ ಮನೆ, ನಗರಸಭೆಯವರ ಈ ಅಗ್ಗದ ಬಾಡಿಗೆ ಮನೆ, ಬಿಡಬೇಕೆಂದಿದ್ದೇನೆ. ನಿಮ್ಮಪ್ಪನನ್ನು ಕಟ್ಟಿಕೊಂಡು ಇಲ್ಲಿಗೆ ಬಂದಾಗ ನಿನಗೆ ಆರು ವರ್ಷ. ಮೂರು ಮಹಡಿ ಹತ್ತಲಾರೆನೆಂದು ನೀನು ಹಟ ಹಿಡಿದರೆ ಎತ್ತಿಕೊಂಡು ಹತ್ತುತ್ತಿದ್ದೆ. ಈಗ ನನ್ನನ್ನೇ ಎತ್ತುವವರು ಬೇಕು, ಮಂಡಿ ಹಾಗಾಗಿದೆ. ನಿಮ್ಮೂರು ಮೋರ್ಕಂಬ್‌ನಲ್ಲಿ, ನಿನ್ನ ಮನೆಯಿಂದ ಎರಡು ಬೀದಿ ಆಚೆ, ನೆಲಮಹಡಿಯ ಮನೆಯೊಂದನ್ನು ನೋಡಿದ್ದೇನೆ. ಖಾಸಗಿಯವರದು. ಅಲ್ಲಿನ ಕೌನ್ಸಿಲ್‌ನಲ್ಲಿ ಹೆಸರು ಬರೆಸಿ ಕಾಯುತ್ತ ಕೂತರೆ, ಸರದಿ ಬರುವ ಹೊತ್ತಿಗೆ ನನಗೆ ಬೇಕಾಗುವುದು ಮನೆಯಲ್ಲ, ನಿಮ್ಮಪ್ಪನ ಪಕ್ಕದಲ್ಲಿ ಆರಡಿ ಜಾಗ.

ಮನೆಯೊಡತಿ ಮಿಸೆಸ್ ಹೋಲ್ಗೇಟ್, ನನಗಿಂತ ಮುದುಕಿ. ಒಳಗೆ ಕಾಲಿಟ್ಟವಳೇ ನಾನು, "ಕಾರ್ಪೆಟ್ ಚೆನ್ನಾಗಿದೆ, ಯಾವತ್ತು ಕಿತ್ಕೊಂಡು ಹೋಗ್ತೀರಿ?" ಅಂದೆ.

"ಅಯ್ಯೋ, ನಾನ್ಯಾಕಮ್ಮ ಕೀಳಲಿ?"

ಕೌನ್ಸಿಲ್ ಮನೆ ಬಿಡುವವರು ಕಾರ್ಪೆಟ್ಟನ್ನೂ ಕಿತ್ತುಕೊಂಡೇ ಹೋಗಬೇಕು; ಬರಿನೆಲಕ್ಕೆ ಬಂದು ಬರಿನೆಲ ಬಿಟ್ಟು ಹೋಗುವುದೇ ನನಗೆ ರೂಢಿ. ಅವಳು ನಕ್ಕಳು, ಟೀ ಕೊಟ್ಟಳು. ಅಷ್ಟು ದೂರ ಬಂದರೂ ನಾನು ನಿನ್ನ ಬಾಗಿಲು ತಟ್ಟಲಿಲ್ಲ, ನೀನು ಬಸ್ ಓಡಿಸಲು ಹೋಗಿರುತ್ತೀಯೆಂದು. ಅವತ್ತು ನಿನ್ನ ರಜೆ ಅನ್ನುತ್ತೀಯೇನೋ. ಹೌದು, ಗೊತ್ತಿತ್ತು.

ತೊಡಕು ಠೇವಣಿಯದು. ಐದು ವಾರದ ಬಾಡಿಗೆ ಮುಂಚಿತವಾಗಿ ಇಡಬೇಕಂತೆ. ಕೌನ್ಸಿಲ್‌ನವರು ಯಾವತ್ತೂ ಹಾಗೆ ಕೇಳಿದವರಲ್ಲ. ಕೈಯಲ್ಲಿದ್ದದ್ದು ನಿಮ್ಮಪ್ಪನ ಅಂತ್ಯಕ್ರಿಯೆಗೆ ಹೋಯಿತು. ಮನೆ ತೋರಿಸುವ ಕಚೇರಿಯ ಗೋಡೆಯ ಮೇಲೆ 'ಠೇವಣಿ ಬೇಡ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಸದ್ಯ ಎಂದುಕೊಂಡು ಅಲ್ಲಿದ್ದ ಹುಡುಗಿಯನ್ನು ಕೇಳಿದೆ. ಯಾವುದೋ ಕಂಪನಿಗೆ ಒಂದು ವಾರದ ಬಾಡಿಗೆಯಷ್ಟು ಕಟ್ಟಬೇಕು, ಅದು ವಾಪಸ್ ಬರುವುದಿಲ್ಲ, ಮನೆಯಲ್ಲಿ ಏನಾದರೂ ಹಾಳಾದರೆ ಅದನ್ನೂ ನಾನೇ ತುಂಬಿಕೊಡಬೇಕಂತೆ.

"ಹಾಗಾದ್ರೆ ನಾನು ಕಟ್ಟಿದ್ದು ಯಾತಕ್ಕೆ?"

"ಠೇವಣಿ ಕೊಡದೇ ಇರೋದಕ್ಕೆ ಮೇಡಂ."

"ಕೊಡದೇ ಇರೋದಕ್ಕೂ ದುಡ್ಡು ಕೊಡಬೇಕೇನೇ?"

ಹುಡುಗಿ ಕಂಪ್ಯೂಟರ್ ನೋಡುತ್ತ ಕೂತಳು. ಸಾಲ ಮಾಡಿ ತೀರಿಸಿದವರ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲವಂತೆ, ಹಾಗಾಗಿ ಆ ಕಂಪನಿಯೂ ನನ್ನನ್ನು ಒಪ್ಪುವುದಿಲ್ಲವಂತೆ. ಜನ್ಮದಲ್ಲಿ ಸಾಲ ಮಾಡದವಳನ್ನು ಆ ಪೆಟ್ಟಿಗೆ ಗುರುತಿಸುವುದಿಲ್ಲವಂತೆ.

ಅಲ್ಲಿಂದ ಎದ್ದು ಅಲ್ಲಿನ ಕೌನ್ಸಿಲ್ ಕಚೇರಿಗೆ ಹೋದೆ. ಠೇವಣಿ ದುಡ್ಡಿನ ಬದಲು, ಅದಕ್ಕೆ ತಾವು ಹೊಣೆಯೆಂದು ಅವರೇ ಮಾಲೀಕರಿಗೆ ಬರೆದುಕೊಡುವ ಯೋಜನೆಯೊಂದಿದೆಯೆಂದು ಪರ್ವೀನ್ ಹೇಳಿದ್ದಳು. "ಅದು ಬೀದಿಗೆ ಬೀಳೋರಿಗಮ್ಮ. ನಿಮಗೆ ಮನೆ ಇದೆಯಲ್ಲ" ಅಂದ ಅಲ್ಲಿದ್ದವನು.

"ಹಾಗಾದ್ರೆ ಬೀದಿಗೆ ಬಿದ್ದು ಬರ್ಲಾ?"

"ಬೇಕಂತ ಬಿದ್ದೋರಿಗೆ ಕೊಡಲ್ಲ."

ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಗೆ ದಾರಿ ತೋರಿಸಿದವಳು ಮಿಸೆಸ್ ಹೋಲ್ಗೇಟ್. "ನಂಗೆ ಠೇವಣಿ ಬೇಡ, ಸಂಬಳ ತರೋರು ಒಬ್ಬರು ಜಾಮೀನು ನಿಂತರೆ ಸಾಕು. ಯಾರೂ ಇಲ್ವಾ ನಿಮಗೆ?" ಅಂದಳು. ನಿನ್ನ ಹೆಸರು ಹೇಳಿದೆ.

ಜಾಮೀನು ಅಂದರೆ ಇಷ್ಟೇ. ನಾನು ಬಾಡಿಗೆ ತಪ್ಪಿಸಿದರೆ, ಮನೆ ಹಾಳು ಮಾಡಿದರೆ ಅವರು ನಿನ್ನ ಬಾಗಿಲಿಗೆ ಬರುತ್ತಾರೆ. ನಾನು ಒಂದು ವಾರವೂ ತಪ್ಪಿಸಿದವಳಲ್ಲ, ಅದು ನಿನಗೆ ಗೊತ್ತು. ಕರೆಯದೆ ನಿನ್ನ ಮನೆಗೂ ಬರುವುದಿಲ್ಲ. ಆದರೆ ಇಲ್ಲಿನ ಬೀಗದ ಕೈ ಒಮ್ಮೆ ಒಪ್ಪಿಸಿದರೆ ಕೌನ್ಸಿಲ್‌ನವರು ಮತ್ತೆ ಕೊಡುವುದಿಲ್ಲ. ಅದಕ್ಕೇ ನಿನ್ನ ಮಾತು ಬರುವವರೆಗೆ ಅವರಿಗೆ ಏನೂ ಹೇಳಿಲ್ಲ.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ಸಮುದ್ರದ ಗಾಳಿ ಕೆಟ್ಟದ್ದು, ಕುತ್ತಿಗೆಗೆ ಏನಾದರೂ ಸುತ್ತಿಕೊಂಡು ಓಡಾಡು.

ಗ್ಲೆನ್

ಮರೆತದ್ದು: ಮಂಡಿನೋವು ಸುಳ್ಳಲ್ಲ. ಆದರೆ ಇಲ್ಲೇ ನೆಲಮಹಡಿಯ ಮನೆ ಕೊಡುತ್ತೇವೆಂದು ಕೌನ್ಸಿಲ್‌ನವರು ಹೇಳಿದ್ದರು. ಬೇಡವೆಂದವಳು ನಾನೇ.

ನಿಮ್ಮಪ್ಪನನ್ನು ಮಣ್ಣು ಮಾಡಿ ಬಂದ ದಿನ ನಾನು ಸ್ಯಾಂಡ್‌ವಿಚ್ ತಟ್ಟೆ ಹಿಡಿದು ನಿನ್ನ ಬೆನ್ನ ಹಿಂದೆಯೇ ನಿಂತಿದ್ದೆ. ನಿನ್ನ ಬಸ್ ಡಿಪೋದವನೊಬ್ಬ "ಇವರು ನಿಮ್ಮ ತಾಯೀನಾ?" ಎಂದು ಕೇಳಿದ. "ಅಲ್ಲ, ಅಪ್ಪನ ಹೆಂಡತಿ" ಅಂದೆ ನೀನು. ಸುಳ್ಳೇನಲ್ಲ. ನಾನು ತಟ್ಟೆ ಹಿಡಿದುಕೊಂಡು ಒಳಗೆ ಹೋದೆ.

ಮೊನ್ನೆ ಮನೆ ತೋರಿಸುವ ಕಚೇರಿಯ ಆ ಹುಡುಗಿ ಫೋನ್ ಮಾಡಿ, "ಜಾಮೀನು ನಿಲ್ಲೋರು ನಿಮಗೇನಾಗಬೇಕು?" ಎಂದು ಕೇಳಿದಳು. ನನ್ನ ಮಗ ಅಂದುಬಿಟ್ಟೆ, ನಿನ್ನನ್ನು ಕೇಳದೆ. ನಿನಗೂ ಫೋನ್ ಮಾಡಿ ಅದನ್ನೇ ಕೇಳುತ್ತಾಳೆ. ಜಾಮೀನು ನಿಲ್ಲುವುದಿಲ್ಲ ಎಂದರೆ ನಿಲ್ಲಬೇಡ, ಇಲ್ಲೇ ಹತ್ತಿಳಿದುಕೊಂಡು ಇರುತ್ತೇನೆ. ಆದರೆ ಮಗನಲ್ಲ ಅನ್ನುವುದಿದ್ದರೆ ಅವಳಿಗೆ ಅನ್ನುವ ಮೊದಲು ನನಗೆ ಹೇಳು. ಮಿಸೆಸ್ ಹೋಲ್ಗೇಟ್ ಹದಿನಾಲ್ಕನೇ ತಾರೀಖಿನವರೆಗೆ ಮಾತ್ರ ಕಾಯುತ್ತಾಳೆ. ಅಷ್ಟರೊಳಗೆ ಉತ್ತರ ಬರಬೇಕು, ಎರಡಕ್ಕೂ.