ಕೆಂಪು ಚುಕ್ಕಿಯ ಲೋಟ

ನ್ಯೆಂಡೊ, ಮಸಾಕಾ
೧೯ ನವೆಂಬರ್ ೨೦೧೭, ಭಾನುವಾರ

ನನ್ನ ಮುದ್ದಿನ ಗೊರೆಟ್ಟಿಗೆ,

ನಿನ್ನ ಸೋದರತ್ತೆಯ ಆಶೀರ್ವಾದಗಳು. ಗುಲುವಿನಲ್ಲಿ ಬಿಸಿಲು ಹೇಗಿದೆ? ನಿನ್ನ ಹೆರಿಗೆ ವಾರ್ಡಿನಲ್ಲಿ ಈ ವಾರವೂ ಒಂದು ಮಂಚಕ್ಕೆ ಇಬ್ಬರು ತಾಯಂದಿರೇ? ನಿನಗೆ ಕೂತು ಉಣ್ಣುವಷ್ಟು ಪುರುಸೊತ್ತು ಸಿಗುತ್ತಿದೆ ತಾನೇ?

ನೀನು ಬಸ್ಸಿನಲ್ಲಿ ಕಳಿಸಿದ ಪೊಟ್ಟಣ ಬಂದು ಇಪ್ಪತ್ತೆರಡು ದಿನವಾಯಿತು. ‘ತಲುಪಿತು’ ಎಂದು ಫೋನಿನಲ್ಲಿ ಒಂದು ಪದ ಕಳಿಸಿ ಸುಮ್ಮನಾದೆ. ನೀನು ಎರಡು ಸಲ ಕರೆ ಮಾಡಿದೆ. ಎರಡು ಸಲವೂ ಹಿತ್ತಲಲ್ಲಿದ್ದೆ, ಕೇಳಿಸಲಿಲ್ಲ ಎಂದೆ. ಅದು ಸುಳ್ಳು. ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಸುಳ್ಳು ಹೇಳಿದ ಮಕ್ಕಳನ್ನು ಮೂವತ್ತನಾಲ್ಕು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ ಹೆಡ್‌ಮಿಸ್ಟ್ರೆಸ್ ನಾನು. ಕ್ಷಮಿಸು ಮಗಳೇ. ಕೆಲವು ಮಾತು ಫೋನಿನಲ್ಲಿ ಆಡಲು ಬರುವುದಿಲ್ಲ. ಕಾಗದದಲ್ಲಾದರೆ ನೀನು ಪೂರ್ತಿ ಓದುವವರೆಗೆ ನನಗೆ ಅಡ್ಡ ಬರುವುದಿಲ್ಲ.

ಮೊದಲು ಆರೋಗ್ಯದ ಸುದ್ದಿ. ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆಗಿ ಹನ್ನೊಂದು ವಾರ ತುಂಬಿತು. ಹೊಟ್ಟೆಯ ಐದು ಗಾಯಗಳೂ ಒಣಗಿವೆ. ತೂಕ ನೂರ ಇಪ್ಪತ್ತಾರರಿಂದ ತೊಂಬತ್ತೆಂಟಕ್ಕೆ ಇಳಿದಿದೆ. ಸಕ್ಕರೆಯ ಮಾತ್ರೆಯನ್ನು ಡಾಕ್ಟರು ಅರ್ಧ ಮಾಡಿದ್ದಾರೆ. ನೀನು ಬರೆದುಕೊಟ್ಟ ಚೀಟಿಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೇನೆ: ಊಟಕ್ಕೆ ಅರ್ಧ ಗಂಟೆ ಮುಂಚೆ ನೀರಿಲ್ಲ, ಊಟವಾಗಿ ಅರ್ಧ ಗಂಟೆ ನೀರಿಲ್ಲ, ಉಳಿದ ಹೊತ್ತೆಲ್ಲ ಗುಟುಕು ಗುಟುಕು. ಇಡೀ ದಿನ ಕುಡಿಯುವುದೇ ಕೆಲಸ. ಸಣ್ಣ ಮಕ್ಕಳಿಗೆ ಉಣಿಸುವ ಚಮಚದಲ್ಲಿ ಆರು ಚಮಚ ಮಟೋಕೆ, ಬೆಂದ ಬಾಳೆಕಾಯಿಯನ್ನು ನುಣ್ಣಗೆ ಮಸೆದದ್ದು, ಮೇಲೆ ಎರಡು ಚಮಚ ಕಡಲೆಕಾಯಿ ಸಾರು. ಏಳನೆಯ ಚಮಚ ಬಾಯಿಗಿಟ್ಟರೆ ಎದೆಯಲ್ಲಿ ಕಲ್ಲು ಕೂತ ಹಾಗಾಗುತ್ತದೆ. ಒಂದು ಗೊನೆ ಬಾಳೆಕಾಯಿ ಬೇಯಿಸಿ ಬಾಳೆಲೆಯ ಕಟ್ಟು ಬಿಚ್ಚುವಾಗ ಅಂಗಳಕ್ಕೆಲ್ಲ ಹಬೆ ಹಬ್ಬುತ್ತಿದ್ದ ಮನೆ ಇದು. ಈಗ ಎರಡು ಕಾಯಿ ಬೇಯಿಸಿ ಒಂದನ್ನು ಕೋಳಿಗೆ ಹಾಕುತ್ತೇನೆ.

ಬೈಯಬೇಡ, ಒಂದು ತಪ್ಪು ಮಾಡಿದೆ. ಮಿಡತೆಯ ಕಾಲ ಶುರುವಾಗಿದೆಯಲ್ಲ, ಊರೆಲ್ಲ ಈರುಳ್ಳಿ ಹಾಕಿ ಹುರಿದ ಘಮಲು. ಮೊನ್ನೆ ತಡೆಯಲಾರದೆ ನಾಲ್ಕೇ ನಾಲ್ಕು ಮಿಡತೆ ಬಾಯಿಗೆ ಹಾಕಿಕೊಂಡು ಚೆನ್ನಾಗಿ ಅಗಿದೆ, ದೇವರಾಣೆ. ಆದರೂ ಹಿತ್ತಲ ಆವಕಾಡೊ ಮರವನ್ನು ತಬ್ಬಿಕೊಂಡು ಮುಕ್ಕಾಲು ಗಂಟೆ ವಾಂತಿ ಮಾಡಿದೆ. ಬೇಲಿಯಾಚೆಯಿಂದ ತಿಯೊಪಿಸ್ತಾ ನೋಡಿದಳು. ಅವಳು ನೋಡಿದ್ದು ಯಾಕೆ ಮುಖ್ಯ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಈ ವಯಸ್ಸಿನಲ್ಲಿ ಹೊಟ್ಟೆ ಕತ್ತರಿಸಿಕೊಳ್ಳುವ ಹುಚ್ಚು ಯಾಕೆ ಹಿಡಿಯಿತು ಎಂದು ಡಾಕ್ಟರ ಮುಂದೆ ನೀನು ಕೇಳಿದ್ದೆ. ಮಂಡಿನೋವು, ಸಕ್ಕರೆ ಎಂದೆ. ಅದೂ ನಿಜ. ಆದರೆ ಹೋದ ವರ್ಷ ನಿನ್ನ ಚಿಕ್ಕಪ್ಪನ ಮಗಳ ಮದುವೆಗೆ ಮುಂಚಿನ ಪರಿಚಯದ ಶಾಸ್ತ್ರದಲ್ಲಿ ಆದದ್ದನ್ನು ನೀನು ನೋಡಿಲ್ಲ. ಸೋದರತ್ತೆಯಾಗಿ ಗಂಡಿನ ಕಡೆಯವರ ಮುಂದೆ ಮಂಡಿಯೂರಿ ವಂದಿಸಿದೆ, ಏಳಲು ಆಗಲಿಲ್ಲ. ನಾಲ್ಕು ಜನ ಬಂದು ಎತ್ತಬೇಕಾಯಿತು. ಗಂಡಿನ ಕಡೆಯ ಹಿರಿಯರು ನಗು ತಡೆಯಲು ಒಬ್ಬರಾದ ಮೇಲೆ ಒಬ್ಬರು ಕೆಮ್ಮಿದರು. ಜನವರಿ ಆರಕ್ಕೆ ನಿನ್ನ ಶಾಸ್ತ್ರ. ಅವತ್ತು ನಾನೇ ಮಂಡಿಯೂರಿ, ನಾನೇ ಎದ್ದು, ಅಷ್ಟು ಗಂಡಸರ ಸಾಲಿನಿಂದ ಮುಕೀಬಿಯ ಕೈ ಹಿಡಿದು ‘ನಮ್ಮ ಹುಡುಗಿ ಆರಿಸಿಕೊಂಡವನು ಇವನೇ’ ಎಂದು ತೋರಿಸಬೇಕು. ಬದುಕಿನಲ್ಲಿ ಇನ್ನು ಬೇರೆ ಆಸೆ ಇಲ್ಲ. ಈ ಕಾಗದ ಮುಗಿಸಿದ ಮೇಲೂ ನೀನು ಆ ಜಾಗಕ್ಕೆ ನನ್ನನ್ನೇ ಕರೆಯುತ್ತೀಯೋ ಇಲ್ಲವೋ ಎನ್ನುವುದೊಂದೇ ನನ್ನ ಹೆದರಿಕೆ.

ಆಪರೇಷನ್ ವಿಷಯ ಊರಲ್ಲಿ ಯಾರಿಗೂ ಹೇಳಬೇಡ ಎಂದು ನಿನ್ನಿಂದ ಮಾತು ತೆಗೆದುಕೊಂಡೆನಲ್ಲ, ಅದರ ಫಲ ಈಗ ಉಣ್ಣುತ್ತಿದ್ದೇನೆ. ಮದುಮಗಳಿಗೆ ಅಡುಗೆ, ಊಟ, ಗಂಡನ ಮನೆಯ ರೀತಿ ಕಲಿಸುವ ಹೆಂಗಸು ದುಡ್ಡು ಕೊಟ್ಟು ತನ್ನ ಹೊಟ್ಟೆಯನ್ನೇ ತೆಗೆಸಿಕೊಂಡು ಬಂದಳು ಎಂದು ನಗುತ್ತಾರೆಂಬ ನಾಚಿಕೆ ನನಗೆ. ಕಂಪಾಲಾದಲ್ಲಿ ನೆಂಟರ ಮನೆಯಲ್ಲಿದ್ದೆ ಎಂದು ಸಾರಿದ್ದೆ. ಈಗ ಊರಿನವರ ಕಣ್ಣಿನಿಂದ ಒಮ್ಮೆ ನನ್ನನ್ನು ನೋಡು. ಕೆನ್ನೆ ಇಳಿದಿದೆ. ಕುತ್ತಿಗೆಯ ಚರ್ಮ ಜೋತಿದೆ. ಬಾಚಣಿಗೆ ತುಂಬ ಕೂದಲು. ಉಟ್ಟ ಗೊಮೆಸಿ ನಿಲುವಂಗಿಯ ಸೊಂಟಪಟ್ಟಿ ಎರಡು ಸುತ್ತು ಬರುತ್ತಿದೆ. ಉಂಡದ್ದು ನಿಲ್ಲುವುದಿಲ್ಲ. ದಿನಕ್ಕೆ ಮೂರು ಸಲ ಫೋನಿನಲ್ಲಿ ಗಂಟೆ ಹೊಡೆದುಕೊಳ್ಳುತ್ತದೆ, ಆಗ ಚೀಲದಿಂದ ಮಾತ್ರೆ ತೆಗೆದು ನುಂಗುತ್ತೇನೆ. ಗಂಟೆ ಹೊಡೆದಾಗ ಮಾತ್ರೆ ನುಂಗುವವರು ಯಾರು ಎನ್ನುವುದು ಮಸಾಕಾದಲ್ಲಿ ಎಳೆ ಮಕ್ಕಳಿಗೂ ಗೊತ್ತು. ಅವು ಬರೀ ವಿಟಮಿನ್ನು, ಕ್ಯಾಲ್ಸಿಯಂ ಎಂದು ನಾನು ಯಾರಿಗೆ ಹೇಳಲಿ?

ನಮ್ಮ ಕಡೆ ಒಬ್ಬಳು ಹೀಗೆ ಇದ್ದಕ್ಕಿದ್ದಂತೆ ಸಣ್ಣಗಾದರೆ ಅದಕ್ಕೆ ಒಂದೇ ಅರ್ಥ. ನೀನು ಮಗುವಾಗಿದ್ದಾಗ ಜನ ಏಡ್ಸ್ ಕಾಯಿಲೆಯನ್ನು ‘ಸ್ಲಿಮ್’, ಸಣಕಲು ಕಾಯಿಲೆ, ಎಂದೇ ಕರೆಯುತ್ತಿದ್ದರು. ನಿನ್ನ ಅಪ್ಪನನ್ನು, ಆಮೇಲೆ ನಿನ್ನ ಅಮ್ಮನನ್ನು ಒಯ್ದದ್ದೂ ಅದೇ. ಆಗ ದಪ್ಪಗಿರುವುದೆಂದರೆ ತನಗೇನೂ ಇಲ್ಲ ಎಂದು ಊರಿಗೆ ತೋರಿಸಿದ ಹಾಗೆ. ನಾನು ಊದಿಕೊಂಡದ್ದು ಆ ವರ್ಷಗಳಲ್ಲೇ. ಹಸಿವಿಗೆ ತಿಂದದ್ದಲ್ಲ ಗೊರೆಟ್ಟಿ, ಜನ ನೋಡಲಿ ಎಂದು ತಿಂದೆ. ನನ್ನ ಸೊಂಟ ನೋಡಿ ಇವಳ ಮನೆಗೆ ಕಾಯಿಲೆ ಬಂದಿದ್ದರೂ ಇವಳಿಗೆ ತಗುಲಿಲ್ಲ ಎಂದು ಅವರು ಅಂದುಕೊಳ್ಳಲಿ ಎಂದು.

ಮೊನ್ನೆ ಬುಧವಾರ ಚರ್ಚಿನ ತಾಯಂದಿರ ಸಂಘ ತಿಯೊಪಿಸ್ತಾಳ ಅಂಗಳದಲ್ಲಿ ಸೇರಿತ್ತು. ಕ್ರಿಸ್‌ಮಸ್ಸಿನ ಅಲಂಕಾರದ ಲೆಕ್ಕಾಚಾರ. ನಾನು ಹೋಗುತ್ತಲೇ ಮಾತು ನಿಂತಿತು. ಎಲ್ಲರೂ ಮೊದಲಿಗಿಂತ ಹೆಚ್ಚು ಮರ್ಯಾದೆ ಕೊಟ್ಟರು, ಚಾಪೆಯ ಒಳ್ಳೆಯ ಕಡೆ ಕೂರಿಸಿದರು. ಚಹಾ ಬಂತು. ಹನ್ನೊಂದು ಜನಕ್ಕೆ ಪಿಂಗಾಣಿ ಕಪ್ಪು. ನನಗೆ ಮಾತ್ರ ಕುಡಿದು ಬಿಸಾಡುವ ಪ್ಲಾಸ್ಟಿಕ್ ಲೋಟ. ಕಪ್ಪು ಸಾಲದೇ ಬಂದಿರಬಹುದು ಎಂದುಕೊಂಡೆ. ಆದರೆ ತಟ್ಟೆಯ ಮೇಲೆ ಇನ್ನೂ ಮೂರು ಕಪ್ಪು ಬೋರಲು ಬಿದ್ದಿದ್ದವು. ನಾನು ಅವನ್ನು ನೋಡಿದ್ದನ್ನು ತಿಯೊಪಿಸ್ತಾ ನೋಡಿದಳು.

ಎಲ್ಲರೂ ಹೋದ ಮೇಲೆ ಅವಳು ನನ್ನ ಹತ್ತಿರ ಕೂತು ನನ್ನ ಕೈ ಹಿಡಿದುಕೊಂಡಳು. ಕೆಟ್ಟವಳಲ್ಲ ಅವಳು, ನಿನಗೆ ಗೊತ್ತೇ ಇದೆ.

“ಲಿಯೊಕಾಡಿಯಾ, ಮುಚ್ಚಿಟ್ಕೋಬೇಡ ಕಣೆ. ಮೊದಲಿನ ಹಾಗಲ್ಲ ಈಗ. ಮಾತ್ರೆ ತಗೊಂಡ್ರೆ ಮೊಮ್ಮಕ್ಕಳ ಮದುವೆ ನೋಡ್ತೀಯ. ಯಾರಿಂದ ಬಂತು ಅಂತ ನಾನಂತೂ ಕೇಳಲ್ಲ.”

ಕೇಳುವುದಿಲ್ಲ ಎಂದು ಹೇಳಿ ನನ್ನ ಬಾಯನ್ನೇ ನೋಡುತ್ತ ಕೂತಳು. ಅರವತ್ತಮೂರು ವರ್ಷ ನನಗೆ. ಗಂಡ ಸತ್ತು ಮೂವತ್ತು ವರ್ಷ. ಕೋಪಕ್ಕಿಂತ ಮೊದಲು ನಗು ಬಂತು. ಇನ್ನು ನಾಚಿಕೆ ಕಟ್ಟಿಕೊಂಡು ಏನಾಗಬೇಕು ಎಂದು ಆಪರೇಷನ್ನಿನ ವಿಷಯ ಅವಳಿಗೆ ಹೇಳಿಯೇಬಿಟ್ಟೆ. ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಒಂದು ಸಣ್ಣ ಬಾಳೆಹಣ್ಣಿನಷ್ಟು ಮಾಡಿ ಹೊಲಿದಿದ್ದಾರೆ ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು.

“ಚೆನ್ನಾಗಿರೋ ಹೊಟ್ಟೇನ ಯಾರಾದ್ರೂ ಕತ್ತರಿಸ್ಕೋತಾರಾ? ಇದಕ್ಕಿಂತ ಒಳ್ಳೆ ಸುಳ್ಳು ಹುಡುಕೋಣ, ಇರು. ಅಲ್ಸರ್ ಅನ್ನು. ಅದನ್ನಾದ್ರೆ ನಂಬ್ತಾರೆ.”

ಗಾಯದ ಗುರುತು ತೋರಿಸೋಣವೆಂದು ಸೊಂಟಪಟ್ಟಿಗೆ ಕೈ ಹಾಕಿದೆ. ಆಮೇಲೆ ಬೇಡವೆನಿಸಿತು. ತೋರಿಸಿದರೆ ಕ್ಷಣದಲ್ಲಿ ನನಗೊಂದು ಪಿಂಗಾಣಿ ಕಪ್ಪು ಸಿಗುತ್ತಿತ್ತು. ಆದರೆ ನನ್ನ ಕಾಯಿಲೆ ಅದಲ್ಲ ಎಂದು ಸಾಬೀತು ಮಾಡಿ ಪಡೆದ ಕಪ್ಪು ಅದು. ಸಾಬೀತು ಮಾಡಲು ಆಗದೆ ಹೋದವರೆಲ್ಲ ಏನು ಮಾಡಿದರು? ಆ ಪ್ಲಾಸ್ಟಿಕ್ ಲೋಟದ ಚಹಾವನ್ನೇ ಗುಟುಕು ಗುಟುಕಾಗಿ ಪೂರ್ತಿ ಕುಡಿದು ಮನೆಗೆ ಬಂದೆ. ನಲವತ್ತು ನಿಮಿಷ ಹಿಡಿಯಿತು, ಪಾಪ, ತಿಯೊಪಿಸ್ತಾ ಬೇಸರಿಸದೆ ಕೂತಿದ್ದಳು.

ನೀನು ಹೆದರಬೇಡ. ಈ ಗುಸುಗುಸು ಮುಕೀಬಿಯ ಮನೆಯವರೆಗೆ ಹೋಗುವ ಮೊದಲೇ ನೀನೇ ಅವನಿಗೆ ಆಪರೇಷನ್ನಿನ ವಿಷಯ ಹೇಳು. ಕೊಟ್ಟ ಮಾತಿನಿಂದ ನಿನ್ನನ್ನು ಬಿಡಿಸಿದ್ದೇನೆ. ಒಳ್ಳೆಯ ಹುಡುಗ ಅವನು. ಮಾತು ಕಡಿಮೆ, ಕಿವಿ ದೊಡ್ಡದು, ಗಂಡನಿಗೆ ಇರಬೇಕಾದದ್ದು ಅಷ್ಟೇ. ಮೀನಿಗೆ ಉಪ್ಪು ಹೆಚ್ಚು ಹಾಕುವುದನ್ನು ಬಿಡು. ರಾತ್ರಿ ಪಾಳಿ ಮುಗಿಸಿ ಬಂದು ಬರೀ ಚಹಾ ಕುಡಿದು ಮಲಗಬೇಡ.

ಇನ್ನು ನೀನು ಕೇಳಿದ ಪ್ರಶ್ನೆ. ಪೊಟ್ಟಣದಲ್ಲಿ ನಿನ್ನ ಅಮ್ಮನ ಎನಾಮೆಲ್ ಲೋಟ ಇಟ್ಟು ಬರೆದಿದ್ದೀಯ: ‘ಅತ್ತೆ, ಇದು ಸಣ್ಣ ಲೋಟ, ನಿಮ್ಮ ಗುಟುಕಿಗೆ ಸರಿಯಾಗುತ್ತದೆ. ಅಮ್ಮನಿಗಾಗಿ ನೀವು ಬೇರೆಯಾಗಿ ಇಟ್ಟಿದ್ದ ಲೋಟ, ಹಿಡಿಯ ಮೇಲೆ ನೀವೇ ಕೆಂಪು ಚುಕ್ಕಿ ಇಟ್ಟದ್ದು. ಅಮ್ಮನನ್ನು ಇಷ್ಟು ಪ್ರೀತಿಸಿದವರು ನೀವೊಬ್ಬರೇ. ಶಾಸ್ತ್ರದ ದಿನ ಅಮ್ಮನ ಬಗ್ಗೆ ನಾಲ್ಕು ಮಾತಾಡಬೇಕು, ಆ ಲೋಟದ ಕಥೆ ಬರೆದು ಕಳಿಸಿ.’ ಅದನ್ನು ಓದಿದವಳು ಲೋಟವನ್ನು ಮತ್ತೆ ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಹದಿನೆಂಟು ದಿನ ಔಷಧಿಯ ಮುಚ್ಚಳದಲ್ಲಿ ನೀರು ಕುಡಿದೆ.

ಬರೆಯುತ್ತೇನೆ. ಕೈ ಸೋತಿದೆ, ನನ್ನ ಗುಟುಕಿನ ಹೊತ್ತೂ ಆಯಿತು. ನಿನ್ನ ಕೈಯಲ್ಲಿ ಹುಟ್ಟುವ ಮಕ್ಕಳೆಲ್ಲ ಗಟ್ಟಿಯಾಗಿ ಅಳಲಿ. ನಿನ್ನ ಮನೆ ತುಂಬಿರಲಿ, ನಿನ್ನ ಒಲೆಯ ಮುಂದೆ ಸದಾ ಯಾರಾದರೂ ಹಸಿದು ಬಂದು ಕೂತಿರಲಿ. ದೇವಮಾತೆ ನಿನ್ನನ್ನು ಕಾಯಲಿ.

ಎಂದಿಗೂ ನಿನ್ನ,
ಲಿಯೊಕಾಡಿಯಾ ನಮುಬಿರು,
ನಿನ್ನ ಅಪ್ಪನ ಅಕ್ಕ

ತಾ.ಕ.: ಸಹಿ ಹಾಕಿ ಲಕೋಟೆಗೆ ಸೇರಿಸಿ, ಮತ್ತೆ ತೆಗೆದೆ. ಲೋಟದ ಕಥೆ ಇದು.

ನಿನ್ನ ಅಪ್ಪ ಹೋದ ಮೇಲೆ ನಿನ್ನ ಅಮ್ಮ ಪೆರ್ಪೆಟುವಾ ನಿನ್ನನ್ನು ಕಟ್ಟಿಕೊಂಡು ನನ್ನ ಮನೆಗೆ ಬಂದಾಗ ಆಗಲೇ ಸಣ್ಣಗಾಗಿದ್ದಳು. ಆ ವಾರವೇ ನಾನು ಒಂದು ಲೋಟ ಆರಿಸಿ ಹಿಡಿಗೆ ಕೆಂಪು ಉಗುರುಬಣ್ಣದ ಚುಕ್ಕಿ ಇಟ್ಟೆ. ಪ್ರೀತಿಗಲ್ಲ ಮಗಳೇ. ಅವಳ ಲೋಟ ನಮ್ಮ ಲೋಟಗಳ ಜೊತೆ ಸೇರದಿರಲಿ ಎಂದು ಗುರುತು ಇಟ್ಟೆ. ಲೋಟದಿಂದ, ತಟ್ಟೆಯಿಂದ ಈ ಕಾಯಿಲೆ ಹರಡುವುದಿಲ್ಲ ಎಂಬ ಚಿತ್ರವನ್ನು ಶಾಲೆಯ ಗೋಡೆಗೆ ನನ್ನ ಕೈಯಾರೆ ಅಂಟಿಸಿದ್ದೆ. ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತಿದ್ದೆ. ಗೊತ್ತಿಲ್ಲದೆ ಮಾಡಿದ್ದಲ್ಲ, ಗೊತ್ತಿದ್ದೂ ಮಾಡಿದೆ.

ಒಂದು ದಿನ ನೀನು ಆ ಲೋಟದಲ್ಲಿ ನನಗೆ ಚಹಾ ತಂದುಕೊಟ್ಟೆ. ನಿನಗೆ ಆರು ವರ್ಷ. ನಾನು ನಿನ್ನ ಕೈಗೆ ಹೊಡೆದು, ಚಹಾವನ್ನು ಅಂಗಳಕ್ಕೆ ಚೆಲ್ಲಿದೆ. ನೀನು ಅಳುತ್ತ, ಆ ಲೋಟಕ್ಕೆ ಏನಾಗಿದೆ ಎಂದು ಕೇಳಿದೆ. ನಿನ್ನ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನಿನ್ನನ್ನು ಆಡಲು ಕಳಿಸಿ, ನನ್ನ ಮುಂದೆ ಮಂಡಿಯೂರಿದಳು. ಆ ಮೈಯಲ್ಲಿ, ಆ ಜ್ವರದಲ್ಲಿ.

“ಅಕ್ಕ, ಲೋಟ ನಾನೇ ತೊಳೀತೀನಿ, ನಾನೇ ಬೇರೆ ಇಡ್ತೀನಿ. ಮಗು ಕೇಳಿದ್ರೆ ಮಾತ್ರ, ಪ್ರೀತಿಯಿಂದ ಇಟ್ಟಿದ್ದು ಅಂತ ಹೇಳಿ. ನಾಳೆ ಅವಳು ನಿಮ್ಮ ಹತ್ರಾನೇ ಬೆಳೀಬೇಕು. ನಿಮ್ಮನ್ನ ದ್ವೇಷಿಸ್ಕೊಂಡು ಬೆಳೆಯೋದು ಬೇಡ.”

ಸಂಜೆ ನೀನು ಮತ್ತೆ ಕೇಳಿದೆ. ಪ್ರೀತಿಯಿಂದ ಇಟ್ಟದ್ದು ಎಂದೆ. ಇಪ್ಪತ್ತನಾಲ್ಕು ವರ್ಷ ನೀನು ನನ್ನನ್ನು ಪ್ರೀತಿಸಿದ್ದು ಅವಳ ದಯೆಯಿಂದ.

ಬುಧವಾರ ತಿಯೊಪಿಸ್ತಾಳ ಮನೆಯಿಂದ ಬಂದವಳು ಕಪಾಟಿನಿಂದ ಲೋಟ ತೆಗೆದೆ. ಅಂದಿನಿಂದ ಅದರಲ್ಲೇ ಕುಡಿಯುತ್ತಿದ್ದೇನೆ. ಮಂಡಿಯನ್ನೂ ದಿನವೂ ಪಳಗಿಸುತ್ತಿದ್ದೇನೆ. ಗೋಡೆ ಹಿಡಿಯದೆ ಏಳಲು ಬರುತ್ತಿದೆ. ಜನವರಿ ಆರಕ್ಕೆ ಬೇರೆ ಯಾರನ್ನಾದರೂ ಕರೆದರೆ ನಾನು ಏಕೆ ಎಂದು ಕೇಳುವುದಿಲ್ಲ. ಆದರೆ ನಿನ್ನ ಅಮ್ಮ ಎಲ್ಲಿ ಮಲಗಿದ್ದಾಳೋ ಅಲ್ಲಿಗೆ ನಾಳೆ ಬೆಳಿಗ್ಗೆ ಹೋಗುತ್ತೇನೆ. ಅವಳ ಮುಂದೆ ಮಂಡಿಯೂರಲು ನಿನ್ನ ಒಪ್ಪಿಗೆ ಕಾಯಬೇಕಾಗಿಲ್ಲ ಎಂದುಕೊಂಡಿದ್ದೇನೆ.